ಮುಶಿಗೇರಿಯ ಸೇಬು, ನನ್ನ ಕಾಲಡಿಯ ಮಣ್ಣು

ಆರು ಸಸಿಗಳಲ್ಲಿ ಚಲೋ ಮೂರನ್ನು ಆರಿಸಿಕೊಂಡವನು ನಾನೇ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹೇಳದಿದ್ದರೆ ನನ್ನ ಹೆಂಡತಿ ಹೇಳುತ್ತಾಳೆ, ಅವಳು ಹೇಳಿದರೆ ಅದರ ಜೊತೆ ನಗುವೂ ಇರುತ್ತದೆ.

ರೋಣದಲ್ಲಿ ನನ್ನದೊಂದು ಔಷಧಿ ಅಂಗಡಿ ಇದೆ. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಹಿತ್ತಲು. ನಾಲ್ಕು ವರ್ಷದ ಹಿಂದೆ ಒಂದು ಬೆಳಿಗ್ಗೆ ಸಸಿ ಮಾರುವ ಟೆಂಪೋ ನಮ್ಮ ಓಣಿಯ ಬಾಯಿಗೆ ಬಂದು ನಿಂತಿತ್ತು. ಮಾವು, ಚಿಕ್ಕು, ಪೇರಲಗಳ ನಡುವೆ ಆರು ಸೇಬಿನ ಸಸಿಗಳಿದ್ದವು. ಇದು ಬಿಸಿಲು ಸೀಮೆಗೆಂದೇ ಬಂದ ತಳಿ, ಚಳಿ ಬೇಡುವುದಿಲ್ಲ, ಮೂರನೆಯ ವರ್ಷಕ್ಕೆ ಹಣ್ಣು ಎಂದು ಮಾರುವವನು ಹೇಳುತ್ತಿದ್ದ. ನಮಗೆ ಸೇಬು ಎಂದರೆ ದವಾಖಾನೆಯಲ್ಲಿ ಮಲಗಿದವರನ್ನು ಮಾತಾಡಿಸಲು ಹೋಗುವಾಗ ಒಯ್ಯುವ ಹಣ್ಣು. ಅದಕ್ಕೊಂದು ಗಿಡ ಇರುತ್ತದೆ, ಆ ಗಿಡಕ್ಕೆ ಬೇರು ಇರುತ್ತದೆ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲೇ ಇಲ್ಲ.

ಆವತ್ತು ನನ್ನ ಷಡ್ಡಕನೂ ಜೊತೆಗಿದ್ದ. ನನ್ನ ಹೆಂಡತಿಯ ತಂಗಿಯ ಗಂಡ, ಮುಶಿಗೇರಿಯಲ್ಲಿ ಒಕ್ಕಲುತನ ಮಾಡುವವನು. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು. ಆರೂ ಸಸಿಗಳನ್ನು ನಾವಿಬ್ಬರೇ ತೆಗೆದುಕೊಂಡು ಹಂಚಿಕೊಳ್ಳುವುದೆಂದು ಆಯಿತು.

"ಅಣ್ಣಾರ, ನೀವು ದೊಡ್ಡವರು. ನೀವ ಮೊದಲ ಆರಿಸ್ರಿ," ಎಂದ.

ಬೇರೆ ಯಾರಾದರೂ ಆಗಿದ್ದರೆ ಒಂದು ಸಲವಾದರೂ ಬೇಡ ಎನ್ನುತ್ತಿದ್ದರು. ನಾನು ಕನ್ನಡಕ ಒರೆಸಿಕೊಂಡು ಒಂದೊಂದು ಎಲೆಯನ್ನೂ ತಿರುವಿ ನೋಡಿ, ಎಲ್ಲಕ್ಕಿಂತ ಎತ್ತರದ ಮೂರನ್ನು ತೆಗೆದು ನನ್ನ ಕಡೆ ಇಟ್ಟುಕೊಂಡೆ. ಉಳಿದವುಗಳಲ್ಲಿ ಒಂದರ ಕಾಂಡ ಸೊಟ್ಟ, ಇನ್ನೊಂದಕ್ಕೆ ಇದ್ದದ್ದೇ ಐದು ಎಲೆ, ಮೂರನೆಯದರ ತುದಿ ಮುರಿದಿತ್ತು.

"ನಿನಗ ಇವು ನಡೀತಾವಲ್ಲ ತಮ್ಮಾ?" ಎಂದು ಕೇಳಿದೆ. ಕೇಳಬೇಕಲ್ಲ.

"ಮಣ್ಣಿಗಿ ಬಿದ್ರ ಏನಾರ ಆಗತಾವ ಬಿಡ್ರಿ," ಎಂದು ಅವುಗಳನ್ನು ಬೈಕಿನ ಟ್ಯಾಂಕಿನ ಮೇಲೆ ಇಟ್ಟುಕೊಂಡು ಹೋದ.

ಔಷಧಿ ಅಂಗಡಿಯವರಿಗೆ ಒಂದು ಕಾಯಿಲೆ ಇರುತ್ತದೆ. ಎಲ್ಲರಿಗೂ ಇರಲಿಕ್ಕಿಲ್ಲ, ನನಗಂತೂ ಇದೆ. ಡಬ್ಬಿಯೊಳಗಿನ ಸಣ್ಣ ಅಕ್ಷರದ ಚೀಟಿಗಳನ್ನು ಇಪ್ಪತ್ತು ವರ್ಷ ಓದಿದ ಮೇಲೆ ಮನುಷ್ಯನಿಗೆ ಸುಮ್ಮನೆ ತಲೆನೋವು ಬರುವುದಿಲ್ಲ. ಬಂದ ತಲೆನೋವಿಗೆ ಆರೇಳು ಕಾರಣಗಳು ಹೊಳೆಯುತ್ತವೆ, ಅದರಲ್ಲಿ ಐದು ಪ್ರಾಣಕ್ಕೆ ಎರವಾಗುವಂಥವು. ಮಕ್ಕಳಿಬ್ಬರೂ ಸಣ್ಣವರಿದ್ದಾಗ ಅವರ ಮೇಲೆ ನಡೆದ ಈ ಓದು ಈಗ ಗಿಡಗಳ ಮೇಲೆ ತಿರುಗಿತು. ಬೆಳಿಗ್ಗೆ ಹಲ್ಲುಜ್ಜುತ್ತ ಹಿತ್ತಲಿಗೆ ಹೋದವನು ಬಾಯಲ್ಲಿ ನೊರೆ ಒಣಗುವವರೆಗೆ ಎಲೆ ತಿರುವುತ್ತ ನಿಲ್ಲುತ್ತಿದ್ದೆ.

ಹುಡುಕಿದರೆ ರೋಗ ಸಿಗದೆ ಇರುತ್ತದೆಯೇ. ಎರಡನೆಯ ತಿಂಗಳಲ್ಲಿ ಚಿಗುರಿನ ಮೇಲೆ ಬಿಳಿ ಹಿಟ್ಟು ಉದುರಿಸಿದ ಹಾಗೆ ಕಂಡಿತು. ಎಳೆಯ ಎಲೆಗಳು ಸುರುಳಿ ಸುತ್ತಿಕೊಂಡಿದ್ದವು. ಫೋನಿನಲ್ಲಿ ಚಿತ್ರಗಳ ಜೊತೆ ಹೋಲಿಸಿ ನೋಡಿ ಬೂದಿ ರೋಗ ಎಂದು ಗುರುತಿಸಿದೆ. ಗುರುತು ಸರಿಯಾಗಿಯೇ ಇತ್ತು, ಅದಕ್ಕೆ ಗಂಧಕದ ಪುಡಿ ನೀರಿನಲ್ಲಿ ಕಲಸಿ ಹೊಡೆಯಬೇಕೆನ್ನುವುದೂ ಸರಿಯಾಗಿತ್ತು. ಹೊಡೆದೆ. ಮರುದಿನ ನೋಡಿದರೆ ಎಲೆಯ ಅಡಿಯಲ್ಲಿ ಹಸಿರು ಹೇನು. ಹೇನಿಗೆ ಬೇವಿನ ಎಣ್ಣೆ. ಅದನ್ನೂ ಹೊಡೆದೆ. ನಾಲ್ಕೇ ದಿನದಲ್ಲಿ ಒಂದು ಗಿಡದ ಎಲೆಗಳೆಲ್ಲ ಅಂಚಿನಿಂದ ಕಂದಾಗಿ, ಕೈಯಲ್ಲಿ ಹಿಡಿದರೆ ಹಪ್ಪಳದ ಹಾಗೆ ಮುರಿಯತೊಡಗಿದವು. ಇದು ಯಾವ ಪುಸ್ತಕದಲ್ಲೂ ಇಲ್ಲದ ಹೊಸ ರೋಗ, ಮೊದಲು ಕಂಡದ್ದು ನನಗೇ ಇರಬೇಕು ಎಂಬ ಭಯದಲ್ಲಿ ಸ್ವಲ್ಪ ಹೆಮ್ಮೆಯೂ ಸೇರಿ, ಎಲೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದೆ.

ಅಲ್ಲಿ ಬೆಳೆಗಳ ಔಷಧ ಮಾರುವ ಸಾಹೇಬರೊಬ್ಬರಿದ್ದಾರೆ. ಅವರ ತಂದೆಯೂ ಅದೇ ಅಂಗಡಿ ನಡೆಸುತ್ತಿದ್ದರು. ನಾನು ಮನುಷ್ಯರ ಔಷಧ ಮಾರುವವನೆಂದು ಗೊತ್ತಿರುವುದರಿಂದ ನನ್ನನ್ನು ಡಾಕ್ಟರ್ರ ಎಂದು ಕರೆಯುತ್ತಾರೆ. ಅದರಲ್ಲಿ ಮರ್ಯಾದೆ ಎಷ್ಟು, ಕುಚೋದ್ಯ ಎಷ್ಟು ಎಂದು ಇನ್ನೂ ಲೆಕ್ಕ ಹತ್ತಿಲ್ಲ. ಅವರು ಎಲೆಯನ್ನು ಮೂಸಿ ನೋಡಿದರು.

"ಗಂಧಕ ಹೊಡದೀರಿ?"

"ಹೌದ್ರಿ."

"ಎಣ್ಣಿ ಯಾವಾಗ?"

"ಮರುದಿನ."

"ಯಾ ಹೊತ್ತಿನ್ಯಾಗ?"

"ಮಧ್ಯಾಹ್ನ. ಅಂಗಡಿ ಬಾಗಲಾ ಹಾಕಿರತೀನಲ್ರಿ, ಆವಾಗ ಪುರಸೊತ್ತು."

ಸಾಹೇಬರು ಎಲೆಯನ್ನು ಮತ್ತೆ ಚೀಲದೊಳಗೆ ಹಾಕಿ ನನ್ನ ಕೈಗೆ ಕೊಟ್ಟರು. "ಡಾಕ್ಟರ್ರ, ಇದಕ್ಕ ರೋಗ ಆಗಿಲ್ರಿ. ನೀವು ಗಿಡ ಹುರದೀರಿ. ಗಂಧಕ ಹೊಡದ ಮ್ಯಾಲೆ ಎರಡು ವಾರ ಎಣ್ಣಿ ತೋರಸಬಾರದು. ಬಿಸಿಲಾಗಂತೂ ಯಾವುದೂ ಹೊಡೀಬಾರದು. ನಿಮ್ಮ ಅಂಗಡಿಗೆ ಬಂದವರಿಗೆ ನೀವು ಹಿಂಗ ಎಲ್ಲಾ ಗುಳಿಗಿ ಕೂಡಿಸಿ ಕೊಡತೀರೇನು?"

ಅಂಗಡಿಯಲ್ಲಿದ್ದ ಇನ್ನಿಬ್ಬರು ಗಿರಾಕಿಗಳು ನಗದೆ ಇರಲು ಬಹಳ ಪ್ರಯತ್ನ ಮಾಡಿದರು.

ಒಂದು ಗಿಡ ಹಾಗೆ ಹೋಯಿತು. ಎರಡನೆಯದನ್ನು ನೀರಿನಿಂದ ಕೊಂದೆ. ನಮ್ಮ ಹಿತ್ತಲದ್ದು ಎರೆ ಮಣ್ಣು, ಕುಡಿದ ನೀರನ್ನು ವಾರಗಟ್ಟಲೆ ಬಿಡುವುದಿಲ್ಲ. ಒಮ್ಮೆ ರೋಣಕ್ಕೆ ಬಂದಾಗ ಷಡ್ಡಕ ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು ಮಣ್ಣನ್ನು ಬೆರಳಿಂದ ಒತ್ತಿ, "ಅಣ್ಣಾರ, ನೀರು ಭಾಳ ಆಗೇತ್ರಿ. ಬುಡಾ ಕೊಳೀತೈತಿ. ಎಂಟ ದಿನಕ್ಕೊಮ್ಮೆ ಹಾಕ್ರಿ ಸಾಕು," ಎಂದು ಹೇಳಿದ್ದ. ಅಷ್ಟು ಹೊತ್ತಿಗೆ ಅವನ ಸೊಟ್ಟ ಕಾಂಡದ ಸಸಿ ನನ್ನ ಸಸಿಗಳಿಗಿಂತ ಎತ್ತರವಾಗಿದೆ ಎಂಬ ಸುದ್ದಿ ನನಗೆ ಮುಟ್ಟಿತ್ತು. ನನ್ನ ಗಿಡಗಳನ್ನು ಬಾಯಾರಿಸಿ ಹಿಂದೆ ಹಾಕುವ ಉಪಾಯ ಇದು ಎಂದುಕೊಂಡೆ. ಅವನು ಓಣಿ ದಾಟುವ ಮೊದಲೇ ಇನ್ನೊಂದು ಕೊಡ ಸುರಿದೆ. ಮಳೆಗಾಲ ಮುಗಿಯುವ ಹೊತ್ತಿಗೆ ಬುಡದ ತೊಗಟೆ ಕಪ್ಪಾಗಿ, ಉಗುರು ತಾಗಿಸಿದರೆ ಬೆಂದ ಗೆಣಸಿನ ಸಿಪ್ಪೆಯ ಹಾಗೆ ಕೈಗೆ ಬಂತು.

ಮೂರನೆಯದು ಬದುಕಿತು. ಯಾಕೆಂದರೆ ಆ ವೇಳೆಗೆ ನನ್ನ ಹೆಂಡತಿ ಪಂಪು, ಎಣ್ಣೆ, ಗಂಧಕ ಎಲ್ಲವನ್ನೂ ಅಟ್ಟದ ಮೇಲೆ ಹಾಕಿ ಏಣಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದಳು.

ಮುಶಿಗೇರಿಯಲ್ಲಿ ಷಡ್ಡಕನ ಹೊಲ ಊರಿನಿಂದ ಸ್ವಲ್ಪ ಎತ್ತರದಲ್ಲಿದೆ. ಕೆಂಪು ಮಸಾರಿ ಮಣ್ಣು, ನಡುನಡುವೆ ಹರಳು ಕಲ್ಲು. ನೀರು ಬಿದ್ದರೆ ನಿಲ್ಲದೆ ಇಳಿದುಹೋಗುತ್ತದೆ. ಅವನ ಮನೆ ಹೊಲದಲ್ಲೇ ಇದೆ. ಮನೆಯ ಪಕ್ಕ ಸ್ವಲ್ಪ ದಾಳಿಂಬೆ ಇದೆ, ಅದರ ತುದಿಗೆ ಈ ಮೂರು ಸೇಬು. ಅವನು ಸೇಬಿನ ಬಗ್ಗೆ ಏನನ್ನೂ ಓದಲಿಲ್ಲ. ದಾಳಿಂಬೆಗೆ ಏನು ಮಾಡುತ್ತಿದ್ದನೋ ಅದನ್ನೇ ಇವಕ್ಕೂ ಮಾಡಿದ. ಮೂರನೆಯ ವರ್ಷದ ಚಳಿಗಾಲದಲ್ಲಿ ನೀರು ನಿಲ್ಲಿಸಿ, ಎಲೆಗಳನ್ನೆಲ್ಲ ಕೈಯಿಂದ ಸವರಿ ತೆಗೆದುಬಿಟ್ಟ. ಬೋಳು ಗಿಡಗಳನ್ನು ನೋಡಿ ನನಗೆ ಒಳಗೊಳಗೆ ಸಮಾಧಾನವಾಯಿತು. "ತಮ್ಮಾ, ಇದೇನು ದಾಳಿಂಬ್ರಿ ಅಲ್ಲ, ಒಣಗಿ ಹೋಗತಾವ," ಎಂದು ಬಾಯಲ್ಲಿ ಹೇಳಿದೆ. ಒಂದು ತಿಂಗಳಿಗೆ ಗಿಡದ ತುಂಬ ಹೂವು. ಬಿಳಿ ಹೂವು, ಮೊಗ್ಗಿನ ಹಿಂಬದಿ ಮಾತ್ರ ಗುಲಾಬಿ. ಅವುಗಳ ಫೋಟೋ ದಿನಾಲೂ ಬೆಳಿಗ್ಗೆ ನನ್ನ ಫೋನಿಗೆ ಬರತೊಡಗಿತು. ನಾನು ದಿನಾಲೂ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದೆ. ಹೆಬ್ಬೆರಳನ್ನು ಅಷ್ಟು ಕಷ್ಟಪಟ್ಟು ಎತ್ತಿದವರು ಕಡಿಮೆ.

ಬೇಸಿಗೆಯ ಕೊನೆಗೆ ಹಣ್ಣು ಬಂದವು. ಮೊದಲ ಹಣ್ಣುಗಳಲ್ಲಿ ಎರಡನ್ನು ಅವನೇ ರೋಣಕ್ಕೆ ತಂದುಕೊಟ್ಟ. ಒಂದನ್ನು ದೇವರ ಮುಂದೆ ಇಟ್ಟು, ಇನ್ನೊಂದನ್ನು ನನ್ನ ಹೆಂಡತಿ ಹೆಚ್ಚಿ ತಟ್ಟೆಯಲ್ಲಿ ತಂದಳು.

"ಹ್ಯಾಂಗ ಐತ್ರಿ ಅಣ್ಣಾರ?"

"ಸ್ವಲ್ಪ ಹುಳಿ," ಎಂದೆ.

ಅವನು ಹೋದ ಮೇಲೆ ಅಡುಗೆ ಮನೆಗೆ ಹೋಗಿ ನಡುವಿನ ತಿರುಳು, ಬೀಜದ ಸುತ್ತಲಿನ ಸಿಪ್ಪೆ ಕೂಡ ಬಿಡದೆ ತಿಂದೆ. ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹುಳಿ ಅಂದ್ರಿ," ಎಂದಳು. ಆಮೇಲೆ ನರಗುಂದದಿಂದ ನಮ್ಮ ಅತ್ತೆ ಫೋನು ಮಾಡಿ ಸಣ್ಣ ಅಳಿಯನ ಸೇಬಿನ ಗುಣಗಾನ ಶುರು ಮಾಡಿದರು. ಇಂಥ ಬಿಸಿಲಾಗ ಸೇಬು ಬೆಳದನಲ್ಲ, ಕೈಗುಣ ಅಂದ್ರ ಅವಂದು. ನಡುವೆ ನೆನಪಾಗಿ, "ನಿಮ್ಮ ಗಿಡಾ ಹ್ಯಾಂಗ ಅದಾವ?" ಎಂದು ಕೇಳಿದರು. ಆರಾಮ ಅದಾವ ಎಂದೆ. ಅದಾವ ಎಂದು ಬಹುವಚನದಲ್ಲೇ ಹೇಳಿದೆ.

ಈಗ ಹೇಳಬೇಕಾದ್ದಕ್ಕೆ ಬರುತ್ತೇನೆ.

ಆ ವರ್ಷ ಮಳೆ ಮುಗಿದ ಮೇಲೆ ಒಂದು ಭಾನುವಾರ ನಾನೂ ನನ್ನ ಹೆಂಡತಿಯೂ ಮುಶಿಗೇರಿಗೆ ಹೋಗಿದ್ದೆವು. ಅಕ್ಕ ತಂಗಿ ಒಳಗೆ ಮಾತಿಗೆ ಕೂತರು. ಷಡ್ಡಕ ಮಜ್ಜಿಗೆ ತರಲು ಹೋದ. ನಾನು ದೊಡ್ಡ ಗಿಡದ ಕೆಳಗೆ ಒಬ್ಬನೇ ನಿಂತಿದ್ದೆ. ಮೂರರಲ್ಲಿ ಅದೇ ಸೊಟ್ಟ ಕಾಂಡದ ಸಸಿ. ಈಗ ಆ ಸೊಟ್ಟತನವೇ ಒಂದು ಚಂದವಾಗಿತ್ತು. ಅಭ್ಯಾಸಬಲದಿಂದ ಕಾಂಡದ ಸುತ್ತ ಕಣ್ಣಾಡಿಸಿದೆ. ಬುಡದಿಂದ ಒಂದು ಗೇಣು ಮೇಲೆ ಪೆನ್ಸಿಲ್ ತೂರುವಷ್ಟು ಒಂದು ದುಂಡು ತೂತು. ಅದರ ಕೆಳಗೆ ತೊಗಟೆಗೆ ಒದ್ದೆ ಕಲೆ. ನೆಲದ ಮೇಲೆ ಬಡಿಗೇರನ ಗರಗಸದ ಕೆಳಗೆ ಬಿದ್ದಿರುತ್ತದಲ್ಲ ಆ ಥರದ ಕಟ್ಟಿಗೆಯ ಹಿಟ್ಟು, ಒಂದು ಹಿಡಿಯಷ್ಟು.

ಕಾಂಡ ಕೊರೆಯುವ ಹುಳು. ಎರಡು ಸಲ ನೋಡುವ ಅಗತ್ಯವೇ ಇರಲಿಲ್ಲ. ನನ್ನ ಗಿಡಗಳಿಗೆ ಬರದೆ ಉಳಿದ ಒಂದೇ ಪೀಡೆ ಅದು. ಬಂದೀತೆಂಬ ಹೆದರಿಕೆಯಲ್ಲಿ ಅದರ ಬಗ್ಗೆ ನಾನು ಓದಿದಷ್ಟು ಇನ್ನಾವುದರ ಬಗ್ಗೆಯೂ ಓದಿರಲಿಲ್ಲ. ಒಳಗೆ ಬಿಳಿ ಮರಿಹುಳು ತಿನ್ನುತ್ತ ಸುರಂಗ ಕೊರೆಯುತ್ತದೆ, ಹಿಟ್ಟನ್ನು ಹೊರಗೆ ತಳ್ಳುತ್ತದೆ. ಬೇಗ ಕಂಡರೆ ತಂತಿ ಹಾಕಿ ಕೊಂದು, ತೂತಿನಲ್ಲಿ ಸೀಮೆಎಣ್ಣೆಯ ಹತ್ತಿ ತುರುಕಿ ಮಣ್ಣು ಮೆತ್ತಿದರೆ ಗಿಡ ಉಳಿಯುತ್ತದೆ. ತಡವಾದರೆ ಮೊದಲು ಒಂದು ಟೊಂಗೆ, ಆಮೇಲೆ ಇಡೀ ಗಿಡ.

ಮಜ್ಜಿಗೆಯ ಚೊಂಬು ಹಿಡಿದು ಅವನು ಬರುತ್ತಿರುವುದು ಕಂಡಿತು. ನಗುತ್ತ ಬರುತ್ತಿದ್ದ. ನನ್ನ ಬಲಗಾಲು ತಾನಾಗಿಯೇ, ಅಲ್ಲ, ತಾನಾಗಿಯೇ ಎನ್ನುವುದು ಸುಳ್ಳು, ನಾನೇ ಬಲಗಾಲಿನ ಚಪ್ಪಲಿಯಿಂದ ಮಣ್ಣು ಸರಿಸಿ ಆ ಹಿಟ್ಟಿನ ಮೇಲೆ ಎಳೆದೆ. ತೂತು ಇದ್ದ ಕಡೆ ಬೆನ್ನು ಮಾಡಿ ನಿಂತು ಮಜ್ಜಿಗೆ ಕುಡಿದೆ.

"ಗಿಡಾ ಹ್ಯಾಂಗ ಅನಸ್ತಾವ್ರಿ ಅಣ್ಣಾರ? ನೀವು ತಿಳದವರು."

"ಚಲೋ ಅದಾವ," ಎಂದೆ.

ವಾಪಸು ಬರುವಾಗ ಬೈಕಿನ ಹಿಂದೆ ಕೂತ ಹೆಂಡತಿ, "ಯಾಕ ಸುಮ್ನಾಗೀರಿ?" ಎಂದಳು. ತಲೆನೋವು ಎಂದೆ. ಆ ತಲೆನೋವಿಗೆ ಮಾತ್ರ ಒಂದೇ ಕಾರಣವಿತ್ತು.

ಮನೆ ಮುಟ್ಟಿದ ಕೂಡಲೇ ಫೋನು ಮಾಡಬೇಕೆಂದುಕೊಂಡೆ. ಈಗ ಮಾಡಿದರೆ ಅಲ್ಲೇ ಯಾಕ ಹೇಳಲಿಲ್ಲ ಎಂದು ಕೇಳುತ್ತಾನೆ ಎನಿಸಿ ಬಿಟ್ಟೆ. ಮರುದಿನ ಮಾಡಿದರೆ ನಿನ್ನೆ ಯಾಕ ಮಾಡಲಿಲ್ಲ ಎನ್ನುತ್ತಾನೆ. ಹೀಗೆ ಒಂದೊಂದು ದಿನವೂ ಮುಂದಿನ ದಿನದ ಬಾಯಿ ಕಟ್ಟುತ್ತ ಹೋಯಿತು. ಅಂಗಡಿಯಲ್ಲಿ ಕೂತು ಸಂದೇಶ ಬರೆದು ಅಳಿಸುತ್ತಿದ್ದೆ. ಕೆಮ್ಮಿನ ಔಷಧಿ ಕೇಳಿದವರಿಗೆ ಮುಲಾಮು ಕೊಟ್ಟೆ. ಊಟಕ್ಕೆ ಕೂತರೆ ಬಾಯಿ ಮೆಲ್ಲುವ ಸದ್ದಿಗೆ ಆ ಹುಳು ನೆನಪಾಗುತ್ತಿತ್ತು, ಅದೂ ಇದೇ ಹೊತ್ತಿಗೆ ಮೆಲ್ಲುತ್ತಿರುತ್ತದಲ್ಲ ಎಂದು. ಇಷ್ಟಾದರೂ ಒಳಗೆ ಎಲ್ಲೋ ಒಂದು ಸಣ್ಣ ದನಿ, ಇನ್ನು ಫೋಟೋ ಬರುವುದಿಲ್ಲ ನೋಡು, ಎನ್ನುತ್ತಿತ್ತು. ಆ ದನಿ ನನ್ನದೇ.

ಮೂರು ವಾರ ಕಳೆದ ಮೇಲೆ ಅವನದೇ ಫೋನು ಬಂತು.

"ಅಣ್ಣಾರ, ದೊಡ್ಡ ಗಿಡದ ಒಂದು ಟೊಂಗಿ ಹಳದಿ ಆಗೇತ್ರಿ. ಎಲಿ ಉದರಾಕ ಹತ್ಯಾವ. ಅವ್ವ ನೆದರ ಆಗೇತಿ ಅಂತಾಳ. ನನಗೇನೂ ತಿಳೀವಲ್ದು. ನೀವೊಮ್ಮೆ ಬಂದು ನೋಡ್ರಿ."

ಹೊರಡುವ ಮೊದಲು ಅಂಗಡಿಯಿಂದ ಒಂದು ದೊಡ್ಡ ಸಿರಿಂಜು, ಹತ್ತಿಯ ಉಂಡೆ, ಮನೆಯಿಂದ ಸೈಕಲ್ ಚಕ್ರದ ಒಂದು ಕಡ್ಡಿ, ಸಣ್ಣ ಬಾಟಲಿಯಲ್ಲಿ ಸೀಮೆಎಣ್ಣೆ ಇಷ್ಟನ್ನು ಚೀಲದಲ್ಲಿ ಹಾಕಿಕೊಂಡೆ. ಈಗಷ್ಟೇ ಕಂಡೆನೆಂಬಂತೆ ನಟಿಸಿ ಹುಳು ಹಿಡಿದು ಗಿಡ ಉಳಿಸಿ, ಮರ್ಯಾದೆಯಿಂದ ತಿರುಗಿ ಬರುವುದು ನನ್ನ ಯೋಜನೆ. ದಾರಿಯುದ್ದಕ್ಕೂ ಅಯ್ಯೋ ಹುಳಾ ಬಿದ್ದೈತಲ್ಲ ಎನ್ನುವುದನ್ನು ಬೇರೆ ಬೇರೆ ರೀತಿಯಲ್ಲಿ ಹೇಳಿ ನೋಡಿದೆ.

ಹೋದಾಗ ಅವನ ಅವ್ವ ಗಿಡದ ಹತ್ತಿರವೇ ಇದ್ದಳು. ಬಡಕಲು ಮೈ, ಚುರುಕು ಕಣ್ಣು. ಒಡೆದ ಗಡಿಗೆಯ ಬೋಕಿಯಲ್ಲಿ ಕೆಂಡ ಹಾಕಿ ಇಟ್ಟುಕೊಂಡಿದ್ದಳು. ನಾನು ಟೊಂಗೆಯನ್ನು ನೋಡುತ್ತ ಬುಡದ ಹತ್ತಿರ ನಿಂತೆ. ಅಷ್ಟರಲ್ಲಿ ಯಾರೋ ನನ್ನ ಚಪ್ಪಲಿಯ ಪಕ್ಕ ಕೈ ಹಾಕಿದಂತಾಯಿತು. ನೋಡಿದರೆ ಮುದುಕಿ ಬಗ್ಗಿ ನಾನು ಎತ್ತಿದ ಹೆಜ್ಜೆಯ ಕೆಳಗಿನ ಮಣ್ಣನ್ನು ಚಿವುಟಿ ತೆಗೆಯುತ್ತಿದ್ದಳು.

ನೆದರು ಎಂದರೆ ಕಣ್ಣು ತಾಗುವುದು. ಅದನ್ನು ತೆಗೆಯಲು ನೋಡಿದವರ ಕಾಲಡಿಯ ಮಣ್ಣು, ಉಪ್ಪು, ಒಣ ಮೆಣಸಿನಕಾಯಿ ಕೂಡಿಸಿ ನಿವಾಳಿಸಿ ಕೆಂಡಕ್ಕೆ ಹಾಕುತ್ತಾರೆ. ಮೆಣಸಿನಕಾಯಿಯ ಘಾಟು ಎದ್ದು ಎಲ್ಲರೂ ಕೆಮ್ಮಿದರೆ ನೆದರು ಇಲ್ಲ. ಘಾಟು ಬರದಿದ್ದರೆ ಆಗಿದೆ ಎಂದೇ ಲೆಕ್ಕ. ಮಣ್ಣನ್ನು ಮಾತ್ರ ಆ ಮನುಷ್ಯನಿಗೆ ಗೊತ್ತಾಗದ ಹಾಗೆ ತೆಗೆಯಬೇಕು.

"ಯಾರದರೆ ಇರಲಿ ಅಂತ ಎಲ್ಲಾರದೂ ತಗೊಳಾಕ ಹತ್ತೀನಿ. ಮನಸಿಗಿ ಹಚಗೋಬ್ಯಾಡ್ರಿ," ಎಂದಳು ಮುದುಕಿ, ಸಿಕ್ಕಿಬಿದ್ದದ್ದಕ್ಕೆ ಸ್ವಲ್ಪವೂ ನಾಚಿಕೆ ಇಲ್ಲದೆ. ಆಮೇಲೆ ಅಂಗೈಯನ್ನು ಕಣ್ಣಿನ ಹತ್ತಿರ ತಂದು, "ಇದೇನು ನಿಮ್ಮ ಕಾಲಾಗಿಂದು, ಕಟಗಿ ಹಿಟ್ಟ ಐತಲ್ಲ," ಎಂದಳು.

ಮಣ್ಣು, ಹಿಟ್ಟು ಎಲ್ಲ ಕೆಂಡದ ಮೇಲೆ ಬಿತ್ತು. ಮೆಣಸಿನಕಾಯಿ ಕಪ್ಪಗಾಯಿತು. ವಿಜ್ಞಾನದ ಪದವಿ ಪಡೆದು ಇಪ್ಪತ್ತು ವರ್ಷ ಔಷಧಿ ಮಾರಿದ ನಾನು ಒಂದು ಕೆಮ್ಮಿಗಾಗಿ ಕಾಯುತ್ತ ನಿಂತೆ. ಗಾಳಿ ಬೇರೆ ಕಡೆ ಬೀಸುತ್ತಿತ್ತೋ ಏನೋ, ಯಾರಿಗೂ ಏನೂ ಆಗಲಿಲ್ಲ. ಮುದುಕಿ ಮೂಗು ಮುಂದೆ ಮಾಡಿ ಮೂಸಿದಳು. ತಡೆಯಲಾರದೆ ನಾನು ಕೆಮ್ಮಿದೆ. ಒಂದಲ್ಲ, ಮೂರು ಸಲ.

"ನಿಮಗೊಬ್ಬರಿಗೆ ಘಾಟ ಬಂತೇನ್ರಿ?" ಎಂದಳು ಮುದುಕಿ.

ಇನ್ನು ಹೊತ್ತು ಕಳೆಯುವುದು ಸರಿಯಲ್ಲ ಎನಿಸಿ ಕೂತುಕೊಂಡು, "ಅಯ್ಯೋ ತಮ್ಮಾ, ಇಲ್ನೋಡು, ತೂತ ಐತಿ. ಇದು ನೆದರಲ್ಲ, ಹುಳಾ. ಕಾಂಡ ಕೊರಿಯೂ ಹುಳಾ. ಈಗ ಕಂಡಿತು," ಎಂದೆ. ದಾರಿಯಲ್ಲಿ ಅಭ್ಯಾಸ ಮಾಡಿದ್ದಕ್ಕಿಂತ ಚೆನ್ನಾಗಿಯೇ ಬಂತು. ಚೀಲ ಬಿಚ್ಚಿ ಕಡ್ಡಿ ತೆಗೆದೆ, ಹತ್ತಿ ತೆಗೆದೆ, ಸಿರಿಂಜಿಗೆ ಸೀಮೆಎಣ್ಣೆ ಎಳೆದುಕೊಂಡೆ.

ಅವನು ಪಕ್ಕದಲ್ಲಿ ಕೂತು ಒಂದೊಂದನ್ನೂ ನೋಡಿದ.

"ಅಣ್ಣಾರ, ಹುಳಾ ಈಗ ಕಂಡಿತು ಅಂದ್ರಿ."

"ಹೂಂ."

"ಮತ್ತ ಸಿರಿಂಜ ಚೀಲದಾಗ ಯಾವಾಗ ಬಂತ್ರಿ?"

ಕೈಯಲ್ಲಿ ಸಿರಿಂಜು ಹಿಡಿದುಕೊಂಡೇ ಕೂತೆ. ತುದಿಯಿಂದ ಸೀಮೆಎಣ್ಣೆ ಒಂದೊಂದೇ ಹನಿ ನನ್ನ ಪ್ಯಾಂಟಿನ ಮೇಲೆ ಬೀಳುತ್ತಿತ್ತು. ಹೇಳಬಹುದಾದ ಸುಳ್ಳುಗಳು ಮೂರು ನಾಲ್ಕು ಇದ್ದವು. ಫೋನಿನಲ್ಲಿ ನೀನು ಹೇಳಿದ ಲಕ್ಷಣದಿಂದ ಊಹಿಸಿದೆ ಎನ್ನಬಹುದಿತ್ತು, ಅವನು ನಂಬುತ್ತಲೂ ಇದ್ದ.

"ಹೋದ ಸಲ ಬಂದಾಗ ನೋಡಿದ್ದೆ," ಎಂದೆ. "ನೀ ಮಜ್ಜಿಗಿ ತರಾಕ ಹೋದಾಗ. ಹಿಟ್ಟ ಬಿದ್ದಿತ್ತು. ಕಾಲಿಲೆ ಮಣ್ಣ ಎಳದು ಮುಚ್ಚಿದೆ."

"ಯಾಕ್ರಿ?"

ಗಿಡದ ಕಡೆ ನೋಡಿದೆ. ಅವನೂ ಗಿಡದ ಕಡೆ ನೋಡಿದ. ಆಮೇಲೆ ಎದ್ದು, "ಸುಣ್ಣ ತರತೀನಿ," ಎಂದು ಮನೆಯ ಕಡೆ ಹೋದ. ಅಣ್ಣಾರ ಎನ್ನಲಿಲ್ಲ.

ಮುದುಕಿ ಬೋಕಿಯ ಕೆಂಡಕ್ಕೆ ನೀರು ಹಾಕುತ್ತ, "ನನ್ನ ಮೆಣಸಿನಕಾಯಿ ಸುಳ್ಳ ಹೇಳೂದಿಲ್ಲ," ಎಂದಳು. ಅಷ್ಟೇ ಅಂದಳು.

ಮಧ್ಯಾಹ್ನದವರೆಗೆ ಕೆಲಸ ಮಾಡಿದೆವು. ಕಡ್ಡಿಯನ್ನು ತೂತಿನೊಳಗೆ ಮೆಲ್ಲಗೆ ತಿರುವುತ್ತ ಹೋದರೆ ಒಂದು ಕಡೆ ಮೆತ್ತಗೆ ತಾಗುತ್ತದೆ. ಎಳೆದಾಗ ಕಡ್ಡಿಯ ತುದಿಗೆ ಹಾಲಿನಂಥ ತೇವ ಅಂಟಿತ್ತು. ಒಂದು ಹುಳು ಆಯಿತು. ಮೇಲೆ, ಟೊಂಗೆ ಕವಲೊಡೆಯುವ ಕಡೆ ಇನ್ನೊಂದು ತೂತು ಸಿಕ್ಕಿತು. ಆ ಟೊಂಗೆ ಒಳಗೆ ಪೊಳ್ಳಾಗಿ ಹೋಗಿತ್ತು. ಅದನ್ನು ಅವನೇ ಗರಗಸದಿಂದ ಕೊಯ್ದ. ಅರ್ಧಕ್ಕೆ ಬಂದಾಗ ಟೊಂಗೆ ತನ್ನ ಭಾರಕ್ಕೆ ತಾನೇ ಮುರಿದು ಬಿತ್ತು. ಸೀಳಿದ ಸುರಂಗದಿಂದ ಕಿರುಬೆರಳಿನಷ್ಟು ದಪ್ಪದ ಬಿಳಿ ಮರಿಹುಳು ಹೊರಗೆ ಉರುಳಿತು. ಕಂದು ತಲೆ, ಹೊಟ್ಟೆ ತುಂಬ ತಿಂದ ಮೈ. ನಾನು ಅದನ್ನು ನೋಡುತ್ತಿರುವಾಗ ಅವನು ನನ್ನನ್ನು ನೋಡುತ್ತಿದ್ದ ಎನಿಸಿತು. ತಲೆ ಎತ್ತಲಿಲ್ಲ. ತೂತುಗಳಿಗೆ ಸಿರಿಂಜಿನಿಂದ ಸೀಮೆಎಣ್ಣೆ ಹಾಕಿ, ಹತ್ತಿ ತುರುಕಿ, ಕೆಸರು ಮೆತ್ತಿದೆವು. ಸುಣ್ಣಕ್ಕೆ ಮೈಲುತುತ್ತ ಕಲಸಿ ಗಾಯಕ್ಕೂ ಕಾಂಡಕ್ಕೂ ಬಳಿದೆವು. ಸುಣ್ಣ ಕೊಡು, ಹತ್ತಿ ಹಿಡಿ ಎಂಬ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಹೊರಟಾಗ ನಾದಿನಿ ಮಾತ್ರ, "ಊಟಾ ಮಾಡಕೊಂಡ ಹೋಗ್ರಿ ಮಾಮಾ," ಎಂದಳು. ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಸಂಜೆಯ ಹೊತ್ತಿಗೆ ಗೊತ್ತಾಗಿತ್ತು, ಯಾಕೆಂದರೆ ನನ್ನ ಹೆಂಡತಿಗೆ ಗೊತ್ತಾಗಿತ್ತು. ಅವಳು ಜಗಳ ಮಾಡಲಿಲ್ಲ. ರೊಟ್ಟಿ ಬಡಿಸುತ್ತ, "ಆ ಟೊಂಗಿ ಹುಳಾ ತಿಂದದ್ದಲ್ಲ," ಎಂದಳು.

ಅದಾದ ಮೇಲೆ ಪ್ರತಿ ಭಾನುವಾರ ಮುಶಿಗೇರಿಗೆ ಹೋದೆ. ಯಾರೂ ಕರೆದಿರಲಿಲ್ಲ. ನೇರವಾಗಿ ಗಿಡದ ಹತ್ತಿರ ಹೋಗಿ ನೆಲ ಸ್ವಚ್ಛ ಮಾಡಿ, ಒಂದು ಬಿಳಿ ಬಟ್ಟೆ ಹಾಸಿ ಬರುತ್ತಿದ್ದೆ. ಮುಂದಿನ ವಾರ ಬಟ್ಟೆಯ ಮೇಲೆ ಹಿಟ್ಟು ಬಿದ್ದಿದೆಯೇ ಎಂದು ನೋಡುವುದು. ಮೊದಲ ವಾರ ಸ್ವಲ್ಪ ಕಂಡಿತು, ಮತ್ತೆ ಕಡ್ಡಿ ಹಾಕಿದೆ. ಆಮೇಲೆ ಬಟ್ಟೆ ಬಿಳಿಯಾಗಿಯೇ ಇತ್ತು. ಷಡ್ಡಕ ದಾಳಿಂಬೆಯ ಸಾಲಿನಲ್ಲಿ ಕೆಲಸ ಮಾಡುತ್ತ ಇರುತ್ತಿದ್ದ, ನನ್ನ ಕಡೆ ಬರುತ್ತಿರಲಿಲ್ಲ. ಐದನೆಯ ಭಾನುವಾರವೋ ಆರನೆಯದೋ, ನಾನು ಬಟ್ಟೆ ಝಾಡಿಸುತ್ತಿದ್ದಾಗ ಸಾಲಿನ ಆ ಕಡೆಯಿಂದ ಕೂಗಿದ.

"ಅಣ್ಣಾರ, ಆ ಬಟ್ಟಿ ನಮ್ಮ ಅವ್ವನ ಸೀರಿ ಹರಕೊಂಡದ್ದೇನು? ಹುಡುಕಾಕ ಹತ್ಯಾಳ."

ಅದು ನಮ್ಮ ಮನೆಯದೇ ಬಟ್ಟೆ. ಅವನಿಗೂ ಗೊತ್ತಿತ್ತು. ಇಲ್ಲ ತಮ್ಮಾ ಎಂದು ಹೇಳಲು ಹೋಗಿ ಕೆಮ್ಮಿದೆ. ಈ ಸಲ ಸುಳ್ಳು ಕೆಮ್ಮಲ್ಲ.

ಮುಂದಿನ ತಿಂಗಳು ಅವನು ರೋಣಕ್ಕೆ ಗುದ್ದಲಿ ಹಿಡಿದೇ ಬಂದ. ಉಳಿದಿದ್ದ ನನ್ನ ಒಂದೇ ಗಿಡದ ಬುಡಕ್ಕೆ ತನ್ನ ಹೊಲದಿಂದ ತಂದ ಮಸಾರಿ ಮಣ್ಣು ಏರಿಸಿ, ನೀರು ಹರಿದು ಹೋಗಲು ಕಾಲುವೆ ತೆಗೆದು, ಎಲೆಗಳನ್ನೆಲ್ಲ ತಾನೇ ಸವರಿ ಹಾಕಿದ. ಹೋಗುವಾಗ ನನ್ನ ಹೆಂಡತಿಗೆ, "ಅಕ್ಕಾರ, ಏಣಿ ವಾಪಸ ತಗೋಬ್ಯಾಡ್ರಿ," ಎಂದು ಹೇಳಿ ಹೋದ.

ಈ ಬೇಸಿಗೆಯಲ್ಲಿ ನನ್ನ ಗಿಡ ಏಳು ಹೂವು ಬಿಟ್ಟಿತು, ಎರಡು ಕಾಯಾದವು, ಒಂದನ್ನು ಗಿಳಿ ಕಚ್ಚಿತು. ಉಳಿದ ಒಂದಕ್ಕೆ ನಾನು ಔಷಧ ಹೊಡೆಯಲಿಲ್ಲ, ಬಟ್ಟೆಯ ಚೀಲ ಕಟ್ಟಿದೆ. ಮುಶಿಗೇರಿಯ ದೊಡ್ಡ ಗಿಡ ಒಂದು ಟೊಂಗೆ ಕಳೆದುಕೊಂಡೂ ಬುಟ್ಟಿ ತುಂಬ ಹಣ್ಣು ಕೊಟ್ಟಿತು. ಆ ಬುಟ್ಟಿಯ ಫೋಟೋ ಬಂದಾಗ ನನ್ನ ಹೊಟ್ಟೆಯೊಳಗೆ ಹಳೆಯ ಜಾಗದಲ್ಲೇ ಏನೋ ಮೆಲ್ಲತೊಡಗಿದ್ದು ಗೊತ್ತಾಯಿತು. ತಂತಿ ಹಾಕಿದರೂ ಸಿಗುವಂಥದಲ್ಲ ಅದು.

ಹಣ್ಣು ಕೀಳುವ ದಿನ ಹೋಗಿದ್ದೆವು. ಗಾಡಿ ನಿಲ್ಲಿಸುವುದರೊಳಗೆ ಮುದುಕಿ ಬಂದಳು. ಈಗ ಅವಳು ಕದ್ದು ತೆಗೆಯುವುದಿಲ್ಲ, ನಾನು ಬಂದಾಗಲೆಲ್ಲ ಎದುರಿಗೇ ಕೇಳುತ್ತಾಳೆ. ಗಿಡ ಕಂಡಿತು, ಹಣ್ಣು ಕಂಡವು, ಹಿಂದೆಯೇ ಅವಳ ಚಾಚಿದ ಕೈಯೂ ಕಂಡಿತು. ಲಾಳ ಬಡಿಸಿಕೊಳ್ಳುವ ಎತ್ತಿನ ಹಾಗೆ ಬಲಗಾಲು ಎತ್ತಿ ನಿಂತೆ. ಅವಳು ಮಣ್ಣು ಚಿವುಟಿಕೊಂಡಳು.

"ಎಡಗಾಲಿಂದೂ ತಗೋರಿ," ಎಂದೆ.

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಮತ್ತೆ ಬಗ್ಗಿದಳು.